ಆ ನೀರೆಲ್ಲ ಎಲ್ಲಿಗಿ ಹೋದ್ವು ಟೀಚರ್?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಹಂಗಾದ್ರ ಆ ನೀರೆಲ್ಲ ಎಲ್ಲಿಗಿ ಹೋದ್ವು ಟೀಚರ್?"

ಐದನೇ ತರಗತಿಗೆ ಕಲ್ಲುಗಳ ಪಾಠ ಇತ್ತು. ನಮ್ಮ ಶಾಲೆ ಇರುವುದು ಶಹಾಬಾದ್ ಹತ್ತಿರ. ಇಲ್ಲಿ ಮನೆಯ ನೆಲಕ್ಕೂ ಫರ್ಸಿ, ಅಂದರೆ ಚಪ್ಪಡಿಯಾಗಿ ಏಳುವ ಸುಣ್ಣದ ಕಲ್ಲು, ಗೋಡೆಗೂ ಫರ್ಸಿ. ಹೀಗಿರುವಾಗ ಚಿತ್ರ ತೋರಿಸೋದು ಯಾಕೆ ಅಂತ ಮೇಜಿನ ಮೇಲೆ ನಾಲ್ಕು ಕಲ್ಲು ಇಟ್ಟೆ. ಆಳಂದ ಕಡೆಯ ಕರಿಕಲ್ಲು, ಯಾದಗಿರಿ ಬೆಟ್ಟದ ಗ್ರಾನೈಟು, ಅಂಗಳದ ಫರ್ಸಿ ಚೂರು, ಯಾರದೋ ಮನೆ ಕಟ್ಟುವಾಗ ಉಳಿದ ಮಾರ್ಬಲ್ ತುಂಡು.

ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಬೇಗ ಆರಿದ್ದಕ್ಕೆ ಅದರ ಹರಳು ಕಣ್ಣಿಗೆ ಕಾಣಲ್ಲ. ಗ್ರಾನೈಟು ನೆಲದಾಳದಲ್ಲಿ ನಿಧಾನ ಆರಿದ್ದು, ಅದಕ್ಕೇ ಹರಳು ಎದ್ದು ಕಾಣುತ್ತವೆ. ಎರಡೂ ಕರಗಿದ ಕಲ್ಲು ಆರಿ ಆದವು, ಅಂದರೆ ಅಗ್ನಿಶಿಲೆ. ಕರಿಕಲ್ಲೇ ಸವೆದು ತೊಗರಿ ಬೆಳೆಯುವ ಎರೆಮಣ್ಣಾಯ್ತು ಅಂದಾಗ ಹೊಲ ಇರುವ ಹುಡುಗರ ಮುಖ ಅರಳಿತು.

ಆಮೇಲೆ ಮೊಳೆಯಿಂದ ನಾಲ್ಕೂ ಕಲ್ಲು ಗೀಚಿ, ಆ ಗೀಚಿದ ಜಾಗದ ಮೇಲೆ ನಿಂಬೆರಸ ಹಿಂಡಿದೆವು. ಕರಿಕಲ್ಲು, ಗ್ರಾನೈಟು ಸುಮ್ಮನಿದ್ದವು. ಫರ್ಸಿ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು, ಮಾರ್ಬಲ್ ಮೇಲೂ ಎದ್ದವು. ಎರಡೂ ಒಂದೇ ಮನೆಯವು. ಫರ್ಸಿಯಂಥ ಸುಣ್ಣದ ಕಲ್ಲು ನೆಲದಾಳದ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಬದಲಾದರೆ ಮಾರ್ಬಲ್, ಅಂದರೆ ರೂಪಾಂತರ ಶಿಲೆ. ಮಕ್ಕಳು ಕಲ್ಲಿಗೆ ಕಿವಿ ಹಚ್ಚಿ ಗುಳ್ಳೆಯ ಸಪ್ಪಳ ಕೇಳಲು ನೋಡಿದರು.

"ಕಲ್ಲಿನ ಮೂರು ಬಗೆ, ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ, ಈ ಹೆಸರು ಬಾಯಿಪಾಠ ಮಾಡಿಸ್ರಿ ಮೇಡಂ, ಇಷ್ಟೆಲ್ಲ ಯಾಕ?" ಅಂದರು ಬಾಗಿಲಲ್ಲಿ ನಿಂತಿದ್ದ ಹಿರಿಯ ಮೇಷ್ಟ್ರು. ಒಳ್ಳೆಯವರೇ, ಆದರೆ ಈ ಮಾತು ನನಗೆ ಹಿಡಿಸಲ್ಲ. ಮನೆಯಲ್ಲಿ ಕಲ್ಲಿನ ಕೆಲಸ ನೋಡಿ ಬೆಳೆದ ಮಕ್ಕಳಿಗೆ ಬರೀ ಹೆಸರು ಕೊಟ್ಟು ಕಳಿಸೋದು ಅನ್ಯಾಯ.

ಮೂಲೆಯಲ್ಲಿ ಕೂತ ಹುಡುಗಿಯ ಅಪ್ಪ ಗಣಿಯಲ್ಲಿ ಕಲ್ಲು ಬಿಡಿಸುತ್ತಾರೆ. ಅವಳು ಎದ್ದು ಫರ್ಸಿಯ ಅಂಚಿನ ಗೆರೆ ಮೇಲೆ ಬೆರಳಾಡಿಸಿದಳು. "ಈ ಪದರ ನೋಡಿ ಉಳಿ ಇಡಬೇಕ್ರಿ, ಇಲ್ಲಂದ್ರ ಅಡ್ಡ ಒಡೀತದ." ಪದರುಶಿಲೆಯನ್ನು ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಖುಷಿಯಲ್ಲಿ ಹೇಳಿದೆ, ಇಲ್ಲಿ ಹಿಂದೆ ಸಮುದ್ರ ಇತ್ತು, ಸುಣ್ಣದ ಕೆಸರು ತಳಕ್ಕಿಳಿದು ಪದರದ ಮೇಲೆ ಪದರ ಕೂತು ಗಟ್ಟಿಯಾಗಿ ಈ ಕಲ್ಲಾಯ್ತು ಅಂತ.

ಆಗ ಕೇಳಿದಳು ನೋಡಿ, ನೀರು ಎಲ್ಲಿಗಿ ಹೋದ್ವು ಅಂತ. ಶಾಲೆ ಹೊರಗೆ ಟ್ಯಾಂಕರ್ ಬಂದಿತ್ತು. ಕೊಡದ ಸಾಲು ಕಿಟಕಿಯಿಂದ ಕಾಣುತ್ತಿತ್ತು. ನೆಲ ಮೇಲೆದ್ದಿತು, ಸಮುದ್ರ ಹಿಂದೆ ಸರಿಯಿತು ಅಂದೆ. ಅವಳು ತಲೆಯಾಡಿಸಿದಳು, ಆದರೆ ಕಣ್ಣು ಆ ಕೊಡಗಳ ಮೇಲೇ ಇತ್ತು. ಸಮುದ್ರದ ತಳವನ್ನೇ ಒಡೆದು ಮಾರುವ ಊರಿನ ಮಗು, ಕುಡಿಯೋ ನೀರಿಗೆ ಸಾಲಲ್ಲಿ ನಿಲ್ಲಬೇಕು. ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಮರುದಿನ ಒಂದು ಮಾತು ಸೇರಿಸಿದೆ. ಮಳೆನೀರು ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪ ಕರಗಿಸಿಕೊಂಡು ನೆಲದೊಳಗೆ ಇಳಿಯುತ್ತೆ, ಅದಕ್ಕೇ ನಮ್ಮ ಬೋರ್ ನೀರು ಗಡಸು ಅಂತ.

ನಿನ್ನೆ ಅವಳು ಕಾಗದದ ಪೊಟ್ಟಣ ತಂದಳು. ಒಳಗೆ ನೀರು ಕಾಯಿಸುವ ಹಂಡೆಯ ತಳದಿಂದ ಕೆರೆದ ಬಿಳಿ ಚಕ್ಕೆ. ನಿಂಬೆಹಣ್ಣೂ ಅವಳೇ ತಂದಿದ್ದಳು. ಹಿಂಡಿದಳು. ಗುಳ್ಳೆ ಎದ್ದವು.

"ಟೀಚರ್, ಇದೂ ಫರ್ಸೀನೇ!"