ಐದನೇ ಕಾಪಿ

ಚಿಕ್ಕವಳಿದ್ದಾಗ ನನ್ನ ಪಠ್ಯಪುಸ್ತಕಗಳಿಗೆಲ್ಲಾ ಸೋವಿಯತ್ ಲ್ಯಾಂಡ್ ಪತ್ರಿಕೆಯ ಹಾಳೆಯ ಬೈಂಡ್ ಇರುತ್ತಿತ್ತು. ಎಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪ ಹಾಳೆ, ನುಣುಪು, ವರ್ಷಪೂರ್ತಿ ಬ್ಯಾಗಿನಲ್ಲಿ ತುರುಕಿದರೂ ಹರಿಯುತ್ತಿರಲಿಲ್ಲ. ಗಣಿತದ ಪುಸ್ತಕದ ಮೇಲೆ ಗೋಧಿ ಹೊಲದಲ್ಲಿ ನಗುತ್ತಾ ನಿಂತ ಹೆಂಗಸು, ಸಮಾಜದ ಮೇಲೆ ಟ್ರ್ಯಾಕ್ಟರು. ಸೋವಿಯತ್ ಒಕ್ಕೂಟ ಅನ್ನೋ ಆ ದೇಶದಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ ಅಂತ ನಾನು ನಂಬಿದ್ದೆ. ಅಲ್ಲಿಂದ ಕನ್ನಡಕ್ಕೆ ಬಂದ ಮಕ್ಕಳ ಪುಸ್ತಕಗಳ ಮೇಲಿನ ಪ್ರೀತಿ ಇವತ್ತಿಗೂ ಹೋಗಿಲ್ಲ.

ಆ ಹೆಂಗಸು ಹೊಲದಿಂದ ಮನೆಗೆ ಹೋಗಿ ಏನು ಮಾಡುತ್ತಿದ್ದಳು ಅಂತ ಯೋಚಿಸೋಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಬಹುಶಃ ಕ್ಯೂನಲ್ಲಿ ನಿಲ್ಲುತ್ತಿದ್ದಳು. ಪೇಟೆಯ ಒಂದೇ ಅಂಗಡಿಯಲ್ಲಿ ಮೂರು ಸಲ ಕ್ಯೂ. ಮೊದಲು ನಿಂತು ಬೇಕಾದ್ದನ್ನು ತೂಗಿಸಿ ಬೆಲೆ ತಿಳಿದುಕೊಳ್ಳಬೇಕು, ಆಮೇಲೆ ಇನ್ನೊಂದು ಕಡೆ ನಿಂತು ದುಡ್ಡು ಕಟ್ಟಿ ಚೀಟಿ ತಗೊಳ್ಳಬೇಕು, ಮತ್ತೆ ವಾಪಸ್ ಬಂದು ಚೀಟಿ ಕೊಟ್ಟು ಸಾಮಾನು ಇಸಿದುಕೊಳ್ಳಬೇಕು. ಬೀದಿಯಲ್ಲಿ ಎಲ್ಲಾದರೂ ಸಾಲು ಕಂಡರೆ ಮೊದಲು ಹೋಗಿ ಹಿಂದೆ ನಿಂತುಬಿಡೋದು, ಆಮೇಲೆ ಮುಂದಿದ್ದವರನ್ನು "ಏನು ಕೊಡ್ತಿದ್ದಾರೆ?" ಅಂತ ಕೇಳೋದು. ಮಾರೋದು ಅನ್ನುವ ಮಾತೇ ಇಲ್ಲ, ಕೊಡೋದು ಅಂತಲೇ ಹೇಳುತ್ತಿದ್ದರು. ಎಲ್ಲರ ಜೇಬಲ್ಲೂ ಒಂದು ಬಲೆ ಚೀಲ ಮಡಚಿ ಇಟ್ಟಿರುತ್ತಿತ್ತು. ಅದರ ಹೆಸರು ಅವೋಸ್ಕಾ. 'ಅವೋಸ್' ಅಂದರೆ 'ಸಿಕ್ಕರೂ ಸಿಗಬಹುದು' ಅಂತ. ಒಂದು ಇಡೀ ದೇಶ ಜೇಬಲ್ಲಿ 'ಸಿಕ್ಕರೂ ಸಿಗಬಹುದು' ಇಟ್ಟುಕೊಂಡು ಓಡಾಡುತ್ತಿತ್ತು ಅನ್ನೋದು ನನ್ನ ತಲೆಯಿಂದ ಹೋಗೋದೇ ಇಲ್ಲ.

ಮನೆ ಬಾಡಿಗೆ ತೀರಾ ಕಡಿಮೆ ಇತ್ತು, ಶಾಲೆಗೆ ಆಸ್ಪತ್ರೆಗೆ ದುಡ್ಡು ಕೊಡಬೇಕಿರಲಿಲ್ಲ, ಎಲ್ಲರಿಗೂ ಒಂದು ಕೆಲಸ ಇತ್ತು. ಇದೂ ನಿಜ. ಬಡತನ ನೋಡಿ ಬೆಳೆದ ನಮ್ಮ ಹಿರಿಯರಿಗೆ ಆ ದೇಶದ ಮೇಲೆ ಯಾಕೆ ಅಷ್ಟು ಆಸೆ ಇತ್ತು ಅಂತ ನನಗೆ ಅರ್ಥವಾಗುತ್ತದೆ. ಆದರೆ 1962ರ ಜೂನ್ 1ರಂದು ಏನಾಯಿತು ನೋಡಿ. ಅವತ್ತು ಸರಕಾರ ಮಾಂಸದ ಬೆಲೆಯನ್ನು ಶೇ. 30, ಬೆಣ್ಣೆಯ ಬೆಲೆಯನ್ನು ಶೇ. 25 ಏರಿಸಿತು. ದಕ್ಷಿಣ ರಷ್ಯಾದ ನೋವೊಚೆರ್ಕಾಸ್ಕ್ ಊರಿನ ರೈಲು ಎಂಜಿನ್ ಕಾರ್ಖಾನೆಯಲ್ಲಿ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಕೂಲಿಯ ದರ ಇಳಿಸಿದ್ದರು. ಕಾರ್ಮಿಕರು ಹೋಗಿ ಕೇಳಿದರೆ, ಮಾಂಸಕ್ಕೆ ದುಡ್ಡಿಲ್ಲದಿದ್ದರೆ ಕಡುಬು ತಿನ್ನಿ ಅನ್ನೋ ಅರ್ಥದಲ್ಲಿ ಕಾರ್ಖಾನೆಯ ನಿರ್ದೇಶಕ ಉತ್ತರ ಕೊಟ್ಟ. ಕೆಲಸ ನಿಂತಿತು. ಮಾರನೇ ದಿನ ಕೆಂಪು ಬಾವುಟ, ಲೆನಿನ್ ಚಿತ್ರ ಹಿಡಿದುಕೊಂಡೇ ಜನ ಊರೊಳಗೆ ಮೆರವಣಿಗೆ ಬಂದರು. ಅವರ ಮೇಲೆ ಗುಂಡು ಹಾರಿಸಿದರು. 26 ಜನ ಸತ್ತರು. ಆಮೇಲೆ ಏಳು ಜನರಿಗೆ ಮರಣದಂಡನೆ. ಹೆಣಗಳನ್ನು ಮನೆಯವರಿಗೆ ಕೊಡದೆ ಬೇರೆ ಬೇರೆ ಕಡೆ ಗುಟ್ಟಾಗಿ ಹೂಳಿದರು. ಚೌಕದಲ್ಲಿ ರಕ್ತದ ಕಲೆ ತೊಳೆದರೂ ಹೋಗದೆ ಮೇಲೆ ಹೊಸ ಡಾಂಬರು ಹಾಕಿಸಿದರು. ಸೋವಿಯತ್ ಪತ್ರಿಕೆಗಳಲ್ಲಿ ಈ ಸಾವುಗಳ ಬಗ್ಗೆ ಒಂದು ಸಾಲೂ ಬರಲಿಲ್ಲ. ಕಾರ್ಮಿಕರ ಸರಕಾರ ಅಂತ ಕರೆದುಕೊಂಡವರು ಮಾಡಿದ್ದು ಇದು. ಎಂಬತ್ತರ ದಶಕದ ಕೊನೆಯವರೆಗೆ ಆ ದೇಶದ ಬಹುಪಾಲು ಜನಕ್ಕೇ ಇದು ಗೊತ್ತಿರಲಿಲ್ಲ.

ಇಂಥ ಸುದ್ದಿ ಹೂತುಹೋಗಬಾರದು ಅಂತ ಕೆಲವರು ಕೆಲಸಕ್ಕೆ ಇಳಿದರು. ಎಲ್ಲಿ ಕೂತು ಗೊತ್ತಾ? ಅಡುಗೆಮನೆಯಲ್ಲಿ.

ಸ್ಟಾಲಿನ್ ಕಾಲದಲ್ಲಿ ಪಟ್ಟಣದ ಎಷ್ಟೋ ಜನ ಇದ್ದದ್ದು ವಠಾರದಂಥ ಮನೆಗಳಲ್ಲಿ. ಒಂದು ಕುಟುಂಬಕ್ಕೆ ಒಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಪಕ್ಕದ ಒಲೆಯವರು ಯಾರಿಗೆ ಏನು ಹೇಳುತ್ತಾರೋ ಅನ್ನೋ ಭಯದಲ್ಲಿ ಬಾಯಿ ಬಿಡೋ ಹಾಗೇ ಇರಲಿಲ್ಲ. ಸ್ಟಾಲಿನ್ ನಂತರ ಕ್ರುಶ್ಚೇವ್ ಅಧಿಕಾರಕ್ಕೆ ಬಂದಮೇಲೆ ಸಾಲುಸಾಲು ಐದಂತಸ್ತಿನ ಕಟ್ಟಡಗಳು ಎದ್ದವು. ಅಡುಗೆಮನೆ ತೀರಾ ಇಕ್ಕಟ್ಟು, ಐದಾರು ಚದರ ಮೀಟರ್. ಆದರೆ ಬಾಗಿಲು ತಮ್ಮದೇ. ನಮ್ಮಲ್ಲಿ ಜಗಲಿ ಮೇಲೆ ಕೂತು ಆಡುವ ಮಾತನ್ನು ಅವರು ಆ ಬಾಗಿಲು ಹಾಕಿಕೊಂಡು ಟೀ ಕುಡಿಯುತ್ತಾ ಆಡಿದರು. ಫೋನಿನಲ್ಲಿ ಕದ್ದು ಕೇಳುತ್ತಾರೆ ಅಂತ ಡಯಲ್ ತಿರುಗಿಸಿ ಪೆನ್ಸಿಲ್ ಸಿಕ್ಕಿಸಿ ಇಡುತ್ತಿದ್ದರು, ಇಲ್ಲಾ ಮೇಲೆ ದಿಂಬು ಹೊದಿಸುತ್ತಿದ್ದರು. ಹೆಸರು, ವಿಳಾಸ ಬಾಯಲ್ಲಿ ಹೇಳುತ್ತಿರಲಿಲ್ಲ. ಕಾಗದದಲ್ಲಿ ಬರೆದು ತೋರಿಸಿ ಸುಡುತ್ತಿದ್ದರು, ಅಥವಾ ಹಾಳೆ ಎತ್ತಿದರೆ ಅಕ್ಷರ ಅಳಿಸಿಹೋಗುವ ಮಕ್ಕಳ ಸ್ಲೇಟಿನಲ್ಲಿ ಬರೆಯುತ್ತಿದ್ದರು.

ಇನ್ನು ಟೈಪ್‌ರೈಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಬೆಳೆದದ್ದೇ ಆ ಸದ್ದಿನಲ್ಲಿ. ಹಾಸನದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಜಾಬ್ ಟೈಪಿಂಗ್ ಮಾಡುತ್ತಿದ್ದರು. ವಕೀಲರ ಕಾಗದ ಪತ್ರ, ಕಾಲೇಜಿನವರ ಥೀಸಿಸ್. ಹಾಳೆ, ಕಾರ್ಬನ್, ಹಾಳೆ, ಕಾರ್ಬನ್ ಅಂತ ಜೋಡಿಸಿ, ಅಂಚು ಸರಿಮಾಡಿ, ರೋಲರಿಗೆ ಸಿಕ್ಕಿಸಿ ತಿರುಗಿಸುವಾಗ ಅವರ ಮುಖದಲ್ಲಿ ಒಂದು ಗಂಭೀರ ಭಾವ ಬರುತ್ತಿತ್ತು. ಒಂದು ಕಾರ್ಬನ್ ಉಲ್ಟಾ ಹೋದರೆ ಇಡೀ ಹಾಳೆ ದಂಡ.

ಮಾಸ್ಕೋದವರೂ ಇದನ್ನೇ ಮಾಡಿದ್ದು. ಸೆನ್ಸಾರ್ ದಾಟದ ಕವಿತೆ, ಕಥೆ, ಕೋರ್ಟಿನ ಕಲಾಪ, ಜೈಲಿಂದ ಬಂದ ಪತ್ರ, ಎಲ್ಲವನ್ನೂ ಟೈಪ್ ಮಾಡಿ ಹಂಚುವುದು. ಅದಕ್ಕೆ ಸಮಿಜ್ದಾತ್ ಅಂತ ಹೆಸರು. 'ಸಮ್' ಅಂದರೆ ತಾನೇ, 'ಇಜ್ದಾತ್' ಅಂದರೆ ಪ್ರಕಟಣೆ. ನಲವತ್ತರ ದಶಕದಲ್ಲೇ ನಿಕೊಲಾಯ್ ಗ್ಲಾಜ್ಕೋವ್ ಅನ್ನೋ ಕವಿ ತನ್ನ ಟೈಪ್ ಮಾಡಿದ ಪುಸ್ತಕಗಳ ಮೇಲೆ ಪ್ರಕಾಶಕರ ಹೆಸರಿನ ಜಾಗದಲ್ಲಿ 'ನಾನೇ ಪ್ರಕಟಿಸಿದ್ದು' ಅನ್ನೋ ಅರ್ಥದ ಪದ ಹಾಕಿದ್ದ. ಈ ಪದ ಬೆಳೆದದ್ದು ಅಲ್ಲಿಂದ. ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಹಾಗಾದರೆ ಒಂದೇ ಏಟಿಗೆ ಜಾಸ್ತಿ ಕಾಪಿ ಬರುತ್ತದೆ. ಅಂಚು ಬಿಡುತ್ತಿರಲಿಲ್ಲ, ಸಾಲುಗಳ ನಡುವೆ ಜಾಗವೂ ಇಲ್ಲ. ಕೈಗೆ ಬಂದ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಓದಿ ಬೆಳಿಗ್ಗೆ ಮುಂದಿನವರಿಗೆ ದಾಟಿಸಬೇಕು, ಹಾಗಾಗಿ ನಾಲ್ಕೈದು ಜನ ಸುತ್ತ ಕೂತು, ಓದಿದ ಹಾಳೆಯನ್ನು ಪಕ್ಕದವರಿಗೆ ಕೊಡುತ್ತಾ ಒಟ್ಟಿಗೇ ಮುಗಿಸುತ್ತಿದ್ದರು.

ಇದನ್ನು ಅಮ್ಮನಿಗೆ ಹೇಳಿದಾಗ ಅವರು ತಕ್ಷಣ ಕೇಳಿದ್ದು, "ತಪ್ಪಾದ್ರೆ ಏನ್ ಮಾಡ್ತಿದ್ರು? ಐದೂ ಕಾಪೀಲಿ ಅಳಿಸ್ಬೇಕಲ್ಲೇ." ಆಮೇಲೆ, "ಐದನೇ ಕಾಪಿ ಓದೋ ಹಾಗೆ ಬರ್ಬೇಕಂದ್ರೆ ಸುಮ್ನೆ ಅಲ್ಲ ಕಣೆ, ಬೆರಳಿನ ಗೆಣ್ಣು ನೋಯುತ್ತೆ" ಅಂದರು. ಎಷ್ಟೋ ಪುಸ್ತಕ ಓದಿದರೂ ನನಗೆ ಹೊಳೆಯದೇ ಇದ್ದದ್ದು ಆ ಗೆಣ್ಣಿನ ನೋವು.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಯಿತು. ಆ ದೇಶದಲ್ಲಿ ಸರಕಾರವನ್ನು ವಿರೋಧಿಸೋದು ಅಂದರೆ ಬಹುಪಾಲು ಮನೆಗೆಲಸವೇ. ಟೈಪ್ ಮಾಡೋದು, ಹಾಳೆ ಜೋಡಿಸೋದು, ಜೈಲಿನ ಬಾಗಿಲಲ್ಲಿ ಕಾಯೋದು, ಪಾರ್ಸೆಲ್ ಕಟ್ಟೋದು. ಕೈದಿಗಳನ್ನು ದುಡಿಸುವ ಕಠಿಣ ಶಿಬಿರದಲ್ಲಿ ಇದ್ದವರಿಗೆ ಅರ್ಧ ಶಿಕ್ಷೆ ಕಳೆಯುವವರೆಗೆ ಮನೆಯಿಂದ ತಿಂಡಿಯ ಪಾರ್ಸೆಲ್ಲೇ ಇಲ್ಲ, ಆಮೇಲೆ ವರ್ಷಕ್ಕೊಂದು, ಐದು ಕೆಜಿ. ವರ್ಷಕ್ಕೊಮ್ಮೆ ಐದು ಕೆಜಿಯಲ್ಲಿ ಏನು ಇಡಬೇಕು, ಏನು ಬಿಡಬೇಕು ಅಂತ ಲೆಕ್ಕ ಹಾಕುವವರು ಯಾರು ಹೇಳಿ. ತಾಯಂದಿರು, ಹೆಂಡಂದಿರು, ಅಕ್ಕ ತಂಗಿಯರು. ಭಾಷಣ ಮಾಡಿದವರ ಹೆಸರು ನಮಗೆ ಬೇಗ ಸಿಗುತ್ತದೆ, ಇವರ ಹೆಸರು ಹುಡುಕಬೇಕು.

ಹುಡುಕಿದಾಗ ನನಗೆ ಸಿಕ್ಕಿದ್ದು ನತಾಲಿಯಾ ಗೋರ್ಬನೆವ್‌ಸ್ಕಯಾ. ಕವಿ, ಅನುವಾದಕಿ, ಒಬ್ಬಳೇ ಮಕ್ಕಳನ್ನು ಸಾಕುತ್ತಿದ್ದವಳು. 1968ರ ಏಪ್ರಿಲ್ 30ರ ತಾರೀಖಿನ ಒಂದು ಟೈಪ್ ಮಾಡಿದ ಪತ್ರಿಕೆಯನ್ನು ಅವಳು ತಯಾರಿಸಿದಳು, ಹೊಟ್ಟೆಯಲ್ಲಿ ತುಂಬು ಬಸುರು ಇಟ್ಟುಕೊಂಡು. ಸದ್ಯದ ಘಟನೆಗಳ ದಾಖಲೆ ಅನ್ನೋ ಅರ್ಥದ ಹೆಸರು, ಜನ ಚುಟುಕಾಗಿ 'ಖ್ರೋನಿಕಾ' ಅನ್ನುತ್ತಿದ್ದರು. ಯಾರ ಮನೆ ಶೋಧವಾಯಿತು, ಯಾರನ್ನು ಹಿಡಿದರು, ಯಾವ ಶಿಬಿರದಲ್ಲಿ ಯಾರು ಉಪವಾಸ ಕೂತರು, ಊರು ಬಿಡಿಸಿ ಅಟ್ಟಿದ್ದ ಕ್ರಿಮಿಯಾದ ತಾತಾರರಿಗೆ ಏನಾಗುತ್ತಿದೆ, ಇಷ್ಟೇ. ಬೈಗುಳ ಇಲ್ಲ, ಕೂಗಾಟ ಇಲ್ಲ. ಹಿಂದಿನ ಸಂಚಿಕೆಯಲ್ಲಿ ತಪ್ಪಿದ್ದರೆ ಮುಂದಿನದರಲ್ಲಿ ತಿದ್ದುಪಡಿ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ಜೈಲು ಅಂತ ಗೊತ್ತಿದ್ದವರು ಒಂದು ಹೆಸರು ತಪ್ಪಾಯಿತಲ್ಲ ಅಂತ ತಿದ್ದುತ್ತಿದ್ದರು! ನಿಮ್ಮ ಹತ್ತಿರ ಸುದ್ದಿ ಇದ್ದರೆ, ನಿಮಗೆ ಪತ್ರಿಕೆ ಕೊಟ್ಟವರಿಗೇ ಹೇಳಿ, ಅವರು ತಮಗೆ ಕೊಟ್ಟವರಿಗೆ ಹೇಳುತ್ತಾರೆ, ಕೊಂಡಿಯನ್ನು ಹಿಡಿದು ಮೇಲೆ ಹುಡುಕಲು ಹೋಗಬೇಡಿ, ನಿಮ್ಮನ್ನೇ ಬೇಹುಗಾರ ಅಂದುಕೊಂಡಾರು ಅಂತ ಓದುಗರಿಗೆ ತಿಳಿಸಿದ್ದರು. ಕಾಗದ ಕೆಳಗೆ ಇಳಿದ ದಾರಿಯಲ್ಲೇ ಸುದ್ದಿ ಮೇಲೆ ಹತ್ತುತ್ತಿತ್ತು. ಹೀಗೇ ಸುಮಾರು ಹದಿನೈದು ವರ್ಷ ನಡೆಸಿದರು.

ಅದೇ ವರ್ಷ ಆಗಸ್ಟ್ 20ರ ರಾತ್ರಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದವು. 25ನೇ ತಾರೀಖು, ಭಾನುವಾರ. ಮಾಸ್ಕೋದ ಕೆಂಪು ಚೌಕದಲ್ಲಿ ಗಡಿಯಾರ ಮಧ್ಯಾಹ್ನ ಹನ್ನೆರಡು ಬಾರಿಸಿದಾಗ ಎಂಟು ಜನ ಅದನ್ನು ವಿರೋಧಿಸಿ ಕಲ್ಲಿನ ಕಟ್ಟೆಯ ಹತ್ತಿರ ಸುಮ್ಮನೆ ನೆಲದ ಮೇಲೆ ಕೂತರು. ಗೋರ್ಬನೆವ್‌ಸ್ಕಯಾ ಬಂದದ್ದು ತಳ್ಳುಗಾಡಿ ತಳ್ಳಿಕೊಂಡು. ಅದರಲ್ಲಿ ಮೂರು ತಿಂಗಳ ಮಗ, ಬದಲಾಯಿಸೋಕೆ ಬಟ್ಟೆ. ಹಾಸಿಗೆಯ ಕೆಳಗೆ ಎರಡು ಬ್ಯಾನರು ಮತ್ತು ಒಂದು ಪುಟ್ಟ ಚೆಕ್ ಬಾವುಟ. ಒಂದು ಬ್ಯಾನರಿನ ಮೇಲೆ "ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ" ಅಂತ ಇತ್ತು. ಕೆಲವೇ ನಿಮಿಷ. ಸಾದಾ ಬಟ್ಟೆಯ ಗುಪ್ತ ಪೊಲೀಸರು ಓಡಿ ಬಂದು ಬ್ಯಾನರ್ ಕಿತ್ತರು, ಬಾವುಟ ಮುರಿದರು, ವಿಕ್ಟರ್ ಫೈನ್‌ಬರ್ಗ್ ಅನ್ನೋವರ ಮುಂದಿನ ಹಲ್ಲುಗಳನ್ನು ಉದುರಿಸಿದರು. ಹಲ್ಲಿಲ್ಲದ ಆ ಮುಖವನ್ನು ಕೋರ್ಟಿಗೆ ತೋರಿಸೋ ಹಾಗಿರಲಿಲ್ಲ, ಅದಕ್ಕೆ ಅವರನ್ನು ಹುಚ್ಚರ ಆಸ್ಪತ್ರೆಗೆ ಹಾಕಿದರು. ಲಾರಿಸಾ ಬೊಗೊರಾಜ್ ಅವರಿಗೆ ನಾಲ್ಕು ವರ್ಷ ಸೈಬೀರಿಯಾಕ್ಕೆ ಗಡೀಪಾರು, ಪಾವೆಲ್ ಲಿತ್ವಿನೊವ್‌ಗೆ ಐದು ವರ್ಷ. ಇಪ್ಪತ್ತೊಂದರ ಹುಡುಗಿ ತತ್ಯಾನಾ ಬಾಯೆವಾಗೆ ಉಳಿದವರೆಲ್ಲಾ ಸೇರಿ, ಅಕಸ್ಮಾತ್ ಅಲ್ಲಿದ್ದೆ ಅಂತ ಹೇಳು ಅಂತ ಒಪ್ಪಿಸಿ ಬಿಡಿಸಿದರು. ತಮ್ಮ ಕುತ್ತಿಗೆಗೆ ಬಂದಾಗಲೂ ಚಿಕ್ಕವಳನ್ನು ಉಳಿಸಬೇಕು ಅಂತ ಅನ್ನಿಸಿತಲ್ಲ ಅವರಿಗೆ, ನನ್ನ ಕಣ್ಣು ತುಂಬುತ್ತದೆ.

ಎದೆಹಾಲಿನ ಮಗು ಇತ್ತು, ಗೋರ್ಬನೆವ್‌ಸ್ಕಯಾಳನ್ನು ಆಗ ಬಿಟ್ಟರು. ಅವಳು ಮನೆಗೆ ಹೋಗಿ ಮತ್ತೆ ಟೈಪ್ ಮಾಡಿದಳು. 1969ರ ಡಿಸೆಂಬರಿನಲ್ಲಿ ಬಂದು ಹಿಡಿದರು. ಹೊರಗೆ ಏನೂ ಕಾಣದ, ನಿಧಾನಕ್ಕೆ ಬೆಳೆಯೋ ಸ್ಕಿಜೋಫ್ರೇನಿಯಾ ಅಂತ ವೈದ್ಯರು ಬರೆದುಕೊಟ್ಟರು. ಆಳುವವರನ್ನು ಒಪ್ಪದವರಿಗೆ ಅಂಟಿಸೋಕೆ ಅನುಕೂಲವಾದ ಕಾಯಿಲೆ ಅದು. ಕಜಾನ್ ಊರಿನ ಜೈಲಿನಂಥ ಮಾನಸಿಕ ಆಸ್ಪತ್ರೆಗೆ ಹಾಕಿ ಹಾಲೊಪೆರಿಡಾಲ್ ಅನ್ನೋ ಮಾನಸಿಕ ಕಾಯಿಲೆಯ ಮದ್ದು ಕೊಟ್ಟರು. ಹೊರಗೆ ಬಂದದ್ದು 1972ರ ಫೆಬ್ರವರಿಯಲ್ಲಿ.

ಖ್ರೋನಿಕಾ ನಿಲ್ಲಲಿಲ್ಲ. ಮುಂದೆ ಅದರ ಭಾರ ಹೊತ್ತವರಲ್ಲಿ ತತ್ಯಾನಾ ವೆಲಿಕಾನೊವಾ ಮುಖ್ಯರು, ಗಣಿತ ಓದಿದವರು. 1979ರಲ್ಲಿ ಅವರನ್ನು ಹಿಡಿದು ನಾಲ್ಕು ವರ್ಷ ಶಿಬಿರ, ಐದು ವರ್ಷ ಗಡೀಪಾರು ವಿಧಿಸಿದರು. ಗೋರ್ಬಚೇವ್ ಆಡಳಿತದ ಕಾಲದಲ್ಲಿ ಮಾಸ್ಕೋಗೆ ವಾಪಸ್ ಬಂದಮೇಲೆ ಅವರು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿದರು. ನನ್ನ ಪುಸ್ತಕಗಳಿಗೆ ಆ ನುಣುಪು ಹಾಳೆಯ ಬೈಂಡ್ ಹಾಕಿದ ವರ್ಷಗಳಲ್ಲಿ ಅವರು ಶಿಬಿರದಲ್ಲಿ, ಆಮೇಲೆ ಗಡೀಪಾರಿನಲ್ಲಿ ಇದ್ದರು ಅಂತ ಲೆಕ್ಕ ಹಾಕಿದಾಗ ನನಗೆ ತುಂಬಾ ಹೊತ್ತು ಮಾತೇ ಹೊರಡಲಿಲ್ಲ.

ಇಷ್ಟೆಲ್ಲಾ ಹೇಳಿ ಮುಗಿಸಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಟ್ಯಾಂಕಿನ ಬಗ್ಗೆ, ಕೋರ್ಟಿನ ಬಗ್ಗೆ ಏನೂ ಕೇಳಲಿಲ್ಲ.

"ಆಸ್ಪತ್ರೇಲಿ ಇಟ್ಟಿದ್ರಲ್ಲ ಅವಳನ್ನ, ಅಷ್ಟು ದಿನ ಮಕ್ಕಳನ್ನ ಯಾರು ನೋಡ್ಕೊಂಡ್ರು?"

"ಅವರ ಅಜ್ಜಿ, ಅಮ್ಮ" ಅಂದೆ.

"ಹೂಂ" ಅಂದರು. "ಅವಳ ಹೆಸರು ಏನಂತೆ?"