ಉಳ್ಳಾಗಡ್ಡಿಯ ಎರಡನೆಯ ಜನ್ಮ

14 ಜುಲೈ 2025, ಸೋಮವಾರ

ಇಂದು ಆರನೆಯ ತರಗತಿಗೆ ಸಸ್ಯಗಳ ಆಯುಷ್ಯದ ಪಾಠವಿತ್ತು. ಹಲಗೆಯ ಮೇಲೆ ಮೂರು ಅಂಕಣ ಎಳೆದು ಏಕವಾರ್ಷಿಕ, ದ್ವೈವಾರ್ಷಿಕ, ಬಹುವಾರ್ಷಿಕ ಎಂದು ಬರೆದೆ. ಮೊದಲನೆಯದಕ್ಕೆ ಜೋಳ, ಹೆಸರು, ಕಡಲೆ ಎಂದು ಮಕ್ಕಳೇ ಕೂಗಿದರು; ಕೊನೆಯದಕ್ಕೆ ಬೇವು, ಹುಣಸೆ, ಮಾವು ತಾವಾಗಿಯೇ ಬಂದವು. ನಡುವಿನ ಅಂಕಣ ಪ್ರತಿ ವರ್ಷದಂತೆ ಖಾಲಿ ಉಳಿಯಿತು, ನಾನೂ ಪ್ರತಿ ವರ್ಷದಂತೆ ಅದರಲ್ಲಿ ಗಜ್ಜರಿ, ಬೀಟ್‌ರೂಟ್, ಉಳ್ಳಾಗಡ್ಡಿ ಎಂದು ಬರೆದು ಮುಂದಕ್ಕೆ ಹೋಗುವವಳಿದ್ದೆ.

"ಅಕ್ಕೋರ, ಉಳ್ಳಾಗಡ್ಡಿ ನಾಕ ತಿಂಗಳದಾಗ ಕಿತ್ತು ಮಾರತೇವ್ರಿ. ಎರಡು ವರ್ಷ ಎಲ್ಲಿರತೈತ್ರಿ ಅದು?"

ಕಿಟಕಿಯ ಪಕ್ಕ ಕೂರುವ ಹುಡುಗಿ. ಇಡೀ ಜೂನ್ ತಿಂಗಳು ಬಾಯಿಯನ್ನೇ ಬಿಚ್ಚದವಳು. ಸುಣ್ಣದ ಕಡ್ಡಿ ಹಿಡಿದ ನನ್ನ ಕೈ ಅಲ್ಲಿಯೇ ನಿಂತಿತು. ಒಂಬತ್ತು ವರ್ಷಗಳಿಂದ ಈ ಪಾಠ ಮಾಡುತ್ತಿದ್ದೇನೆ, ಹೊಲದಿಂದ ನೇರವಾಗಿ ಶಾಲೆಗೆ ಬರುವ ಮಕ್ಕಳ ಮುಂದೆಯೇ ಮಾಡುತ್ತಿದ್ದೇನೆ, ಆದರೂ ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದು ನಾಚಿಕೆಯ ಸಂಗತಿ. "ಪುಸ್ತಕದಲ್ಲಿ ಹಾಗೆ ಕೊಟ್ಟಿದ್ದಾರೆ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನಿಮ್ಮ ಮನೆಗೆ ಉಳ್ಳಾಗಡ್ಡಿ ಬೀಜ ಎಲ್ಲಿಂದ ಬರುತ್ತದೆ ಎಂದು ಅವಳನ್ನೇ ಕೇಳಿದೆ.

"ನಮ್ಮಪ್ಪ ಛಲೋ ಗಡ್ಡಿ ಆರಿಸಿ ಬೀಜಕ್ಕಂತ ಇಡತಾನ್ರಿ. ದೀಪಾವಳಿ ಆದಮ್ಯಾಗ ಹೊಲದಾಗ ಹಚ್ಚತಾನ. ಆಮ್ಯಾಲ ಕೋಲಿನಂಗ ಎದ್ದು ತುದಿಗೆ ಬಿಳೇ ಚೆಂಡು ಬಿಡತೈತ್ರಿ. ಅದರಾಗ ಕರೇ ಬೀಜ."

ಪಾಠ ಅಲ್ಲಿಗೆ ಮುಗಿದೇ ಹೋಗಿತ್ತು, ಮುಗಿಸಿದವಳು ಅವಳು. ಮೊದಲ ಹಂಗಾಮಿನಲ್ಲಿ ಗಿಡ ತನ್ನ ಎಲೆಗಳ ಬುಡದಲ್ಲಿ ಆಹಾರವನ್ನು ಪದರ ಪದರವಾಗಿ ಕೂಡಿಸಿಡುತ್ತದೆ, ಚಳಿಗಾಲ ತಾಗಿದ ಮೇಲೆ ಆ ಗಂಟನ್ನೆಲ್ಲ ಖರ್ಚು ಮಾಡಿ ಹೂದಂಡನ್ನು ಎತ್ತುತ್ತದೆ, ಬೀಜ ಕಟ್ಟಿದ ಮೇಲೆ ಒಣಗುತ್ತದೆ. ನಾವು ಮಾರುಕಟ್ಟೆಗೆ ಸಾಗಿಸುವುದು ಅರ್ಧ ಆಯುಷ್ಯವನ್ನಷ್ಟೇ ಕಂಡ ಗಿಡವನ್ನು ಎಂದು ವಿವರಿಸಿದೆ. ವರ್ಷ ಎಣಿಸಬೇಡಿ, ಬೀಜ ಬಿತ್ತಿದಲ್ಲಿಂದ ಅದೇ ಗಿಡದ ಬೀಜ ಕೈಗೆ ಬರುವವರೆಗೆ ಎಣಿಸಿ ಎಂದು ಹಲಗೆಯ ಮೇಲಿನ ವ್ಯಾಖ್ಯೆಯನ್ನು ಅಳಿಸಿ ಬರೆದೆ. ಪರೀಕ್ಷೆಯಲ್ಲಿ ಹೀಗೆಯೇ ಬರೆದರೆ ಅಂಕ ಸಿಗುತ್ತದೆಯೋ ಇಲ್ಲವೋ, ಅದು ಬೇರೆ ಚಿಂತೆ.

ಒಮ್ಮೆ ಹೀಗೆ ಎಣಿಸಲು ತೊಡಗಿದರೆ ಮೊದಲ ಅಂಕಣವೂ ಅಲುಗಾಡುತ್ತದೆ. ತೊಗರಿಯನ್ನು ನಾವು ವರ್ಷದ ಬೆಳೆ ಎನ್ನುತ್ತೇವೆ. ಕೊಯ್ಯದೆ ಬಿಟ್ಟರೆ ಅದು ಮತ್ತೆ ಚಿಗುರಿ ಮೂರು ನಾಲ್ಕು ವರ್ಷ ಬಾಳಬಲ್ಲ ಪೊದೆ. ಮೆಣಸಿನಕಾಯಿಯದು ಇನ್ನೂ ತಮಾಷೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದಕ್ಕೆ ಇಟ್ಟ ಹೆಸರು ಕ್ಯಾಪ್ಸಿಕಮ್ ಆನ್ಯುಅಮ್, ಅಂದರೆ ಒಂದು ವರ್ಷದ್ದು. ಹಿಮ ಬೀಳುವ ನಾಡಿನಲ್ಲಿ ಮೊದಲ ಚಳಿಗೇ ಸಾಯುವ ಗಿಡಕ್ಕೆ ಆ ಹೆಸರು ಒಪ್ಪೀತು. ನಮ್ಮ ಹಿತ್ತಲಿನಲ್ಲಿ ಬಚ್ಚಲ ನೀರು ಕುಡಿದುಕೊಂಡಿರುವ ಗಿಡ ಈಗ ಮೂರನೆಯ ಮಳೆಗಾಲ ಕಾಣುತ್ತಿದೆ, ಬುಡ ನನ್ನ ಹೆಬ್ಬೆರಳಿನಷ್ಟು ದಪ್ಪವಾಗಿ ತೊಗಟೆ ಕಟ್ಟಿದೆ. ಅದನ್ನು ಹೇಳಿದಾಗ ಇಡೀ ತರಗತಿ ನಕ್ಕಿತು. ಆ ಹುಡುಗಿ ನಗಲಿಲ್ಲ. "ಹಂಗಾದ್ರ ನಾವು ಕಿತ್ತದ್ದಕ್ಕ ಅವಕ್ಕ ಒಂದ ವರ್ಷ ಆಯುಷ್ಯ ಏನ್ರಿ?" ಎಂದಳು. ಹೌದು ಎಂದೆ. ಮುಂದೆ ಏನು ಸೇರಿಸಬೇಕೋ ತಿಳಿಯಲಿಲ್ಲ.

ಸಂಜೆ ಸಾರಿಗೆಂದು ಬುಟ್ಟಿಗೆ ಕೈಹಾಕಿದರೆ ಮೂರು ಗಡ್ಡೆಗಳು ಮೊಳೆತಿದ್ದವು. ಅತ್ತೆಯವರು ಬಿಸಾಡಲು ತೆಗೆದಿಟ್ಟಿದ್ದರು. ಒಂದನ್ನು ಉದ್ದಕ್ಕೆ ಸೀಳಿ ನೋಡಿದೆ: ನಡುವೆ ಬೆರಳುದ್ದದ ಹಸಿರು ಮೊಳಕೆ, ಅದರ ಸುತ್ತಲಿನ ಬಿಳಿಯ ಪದರಗಳು ಮೆತ್ತಗಾಗಿ, ನೀರು ಬಸಿದ ಬಟ್ಟೆಯಂತೆ ಸುಕ್ಕುಗಟ್ಟಿದ್ದವು. ಎಷ್ಟು ಸಾವಿರ ಉಳ್ಳಾಗಡ್ಡಿ ಹೆಚ್ಚಿದ್ದೇನೋ ಈ ಕೈಯಿಂದ, ಇದನ್ನು ಖರ್ಚಾಗುತ್ತಿರುವ ಉಳಿತಾಯವೆಂದು ಒಮ್ಮೆಯೂ ನೋಡಿರಲಿಲ್ಲ. ಉಳಿದೆರಡನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೇನೆ, ನಾಳೆ ಶಾಲೆಯ ಕಾಂಪೌಂಡಿನ ಮಗ್ಗುಲಿಗೆ ಹಚ್ಚಬೇಕು. ಈ ಮಳೆಯಲ್ಲಿ ಕೊಳೆಯದೆ ಉಳಿದರೆ ಚಳಿಗಾಲಕ್ಕೆ ಆ ಬಿಳಿಯ ಚೆಂಡನ್ನು ಎಲ್ಲರಿಗೂ ತೋರಿಸಬಹುದು. ಅತ್ತೆಯವರು ನನ್ನ ಚೀಲವನ್ನು ನೋಡಿ ಏನೂ ಕೇಳಲಿಲ್ಲ, ಅವರಿಗೆ ನಾನು ರೂಢಿಯಾಗಿದ್ದೇನೆ.

ಗಂಟೆ ಹೊಡೆದು ಎಲ್ಲರೂ ಎದ್ದಾಗ ಹಿಂದಿನ ಸಾಲಿನ ತುಂಟ "ಅಕ್ಕೋರ, ಬಾಳಿಗಿಡ ಯಾವದರಾಗ ಬರಕೋಬೇಕ್ರಿ?" ಎಂದು ಕೇಳಿ ಓಡಿದ್ದ. ನಾಳೆ ಹೇಳುತ್ತೇನೆ ಎಂದಿದ್ದೆ. ಗೊನೆ ಬಿಟ್ಟ ದಿಂಡು ಒಂದೇ ಸಲಕ್ಕೆ ಮುಗಿಯುತ್ತದೆ, ಅದನ್ನು ನಾವೇ ಕಡಿದು ಹಾಕುತ್ತೇವೆ. ಮಣ್ಣಿನೊಳಗಿನ ಗಡ್ಡೆ ಮಾತ್ರ ಅಷ್ಟರಲ್ಲಿ ಪಕ್ಕದಲ್ಲೊಂದು ಕಂದು ಎಬ್ಬಿಸಿರುತ್ತದೆ. ಹಾಗಾದರೆ ಬಹುವಾರ್ಷಿಕವೆಂದೇ ಬರೆಸಬೇಕು. ಆದರೆ ತಿನ್ನುವ ಹಣ್ಣಿನಲ್ಲಿ ಬೀಜವೇ ಇಲ್ಲದ ಗಿಡಕ್ಕೆ, ಬೀಜದಿಂದ ಬೀಜದವರೆಗೆ ಎಣಿಸಿ ಎಂದು ಇವತ್ತು ನಾನೇ ಬರೆಸಿದ್ದನ್ನು ಹೇಗೆ ಹೊಂದಿಸಲಿ?