ಕಾಟೇಜಿನ ದೋಣಿಗೆ ಮುನ್ನ ಒಂದು ಪಾಠ

ಟೊರಾಂಟೊದಿಂದ ಎರಡು ಗಂಟೆಯ ದಾರಿಯಲ್ಲಿರುವ ಕವಾರ್ಥಾ ಸರೋವರಗಳ ಕಡೆ ಒಂದು ವಾರಕ್ಕೆ ಕಾಟೇಜ್ ಹಿಡಿದಿದ್ದೆವು. ಜೊತೆಗೆ ಮೋಟಾರು ಕಟ್ಟಿದ ಪುಟ್ಟ ಅಲ್ಯೂಮಿನಿಯಂ ದೋಣಿ. ಒಡತಿ ಕಳುಹಿಸಿದ ಸಂದೇಶದ ಕೊನೆಯ ಸಾಲಿನಲ್ಲಿ ಹೀಗಿತ್ತು: ದೋಣಿ ಬಳಸುವುದಾದರೆ ನಿಮ್ಮ ಕಾರ್ಡಿನ ಪ್ರತಿ ಕಳುಹಿಸಿ.

ನಾನು ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಅಘನಾಶಿನಿ ನದಿಯ ದಂಡೆಯಲ್ಲಿ. ತದಡಿಗೆ ತಾರಿ ದಾಟುವುದು ನಮಗೆ ಬಸ್ಸು ಹತ್ತಿದಷ್ಟೇ ಸಹಜವಾಗಿತ್ತು. ದೋಣಿ ನಡೆಸುವುದಕ್ಕೆ ಪರೀಕ್ಷೆಯೇ ಎಂದು ಅಂದು ಅನ್ನಿಸಿದ್ದು ನಿಜ. ಆದರೆ ಕೆನಡಾದಲ್ಲಿ ಮೋಟಾರು ಇರುವ ಯಾವುದೇ ವಿಹಾರ ದೋಣಿಯನ್ನು ನಡೆಸುವವರು, ವಯಸ್ಸು ಎಷ್ಟೇ ಇರಲಿ, ತಮಗೆ ಅದರ ತಿಳಿವಳಿಕೆ ಇದೆಯೆಂಬ ಪುರಾವೆ ಇಟ್ಟುಕೊಳ್ಳಬೇಕೆಂಬ ನಿಯಮ 2009ರ ಸೆಪ್ಟೆಂಬರ್‌ನಿಂದ ಇದೆ. ಬ್ಯಾಟರಿಯಲ್ಲಿ ತಿರುಗುವ ಸಣ್ಣ ಮೋಟಾರಾದರೂ ಅಷ್ಟೇ. ಬರೀ ಹುಟ್ಟು ಹಾಕುವುದಾದರೆ ಬೇಡ. ಒಡತಿ ಕೇಳಿದ ಕಾರ್ಡು ಆ ಪುರಾವೆಯೇ, ಪರೀಕ್ಷೆ ಪಾಸಾದರೆ ಸಿಗುತ್ತದೆ. ಇಲ್ಲಿನ ನಮ್ಮವರು ಇದನ್ನು ದೋಣಿ ಲೈಸನ್ಸ್ ಎನ್ನುತ್ತಾರೆ. ಲೈಸನ್ಸ್ ಎಂಬುದು ದೋಣಿಗೆ ಸಿಗುವ ನಂಬರು, ಕಾರ್ಡು ನಡೆಸುವವರಿಗೆ. ಎರಡೂ ಬೇರೆ ಬೇರೆ. ಕಾರ್ಡನ್ನು ಒಮ್ಮೆ ಪಡೆದರೆ ಜೀವನಪರ್ಯಂತ ನಡೆಯುತ್ತದೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ಕೋರ್ಸುಗಳ ಸಂತೆಯೇ ಇದೆ. ನಾನು ಮೊದಲು ಹಣ ಕಟ್ಟಿದ ತಾಣದಲ್ಲಿ ಮೇಪಲ್ ಎಲೆಯೂ ಇತ್ತು, ಧ್ವಜವೂ ಇತ್ತು, ಬೆಲೆಯೂ ಕಡಿಮೆ ಇತ್ತು. ಅದರ ಹೆಸರು ಮಾತ್ರ ಇಲ್ಲಿನ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾ ಮಾನ್ಯ ಮಾಡಿದವರ ಪಟ್ಟಿಯಲ್ಲಿ ಇರಲಿಲ್ಲ. ಹೋದ ಹಣಕ್ಕಿಂತ, ನೋಡದೆ ಹೋದೆನಲ್ಲ ಎಂಬುದೇ ಹೆಚ್ಚು ಕಾಡಿತು. ಆ ಪಟ್ಟಿ ಇಲಾಖೆಯ ಜಾಲತಾಣದಲ್ಲೇ ಇದೆ. ಮೊದಲು ಅದನ್ನು ತೆರೆದು, ಅಲ್ಲಿಂದಲೇ ಕೋರ್ಸಿಗೆ ಹೋಗಿ. ಕಾರ್ಡಿನ ಶುಲ್ಕ ಸೇರಿದೆಯೇ, ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದರೆ ಮತ್ತೆ ಹಣ ಕೇಳುತ್ತಾರೆಯೇ ಎಂಬುದನ್ನೂ ಓದಿಕೊಳ್ಳಿ. ಐವತ್ತು ಪ್ರಶ್ನೆ, ತೇರ್ಗಡೆಗೆ ಶೇಕಡಾ 75 ಬೇಕು.

ಪಟ್ಟಿಯಲ್ಲಿರುವ ಕೋರ್ಸುಗಳೆಲ್ಲ ಕೊಡುವ ಕಾರ್ಡು ಒಂದೇ, ಹಾಗಾದರೆ ಯಾವುದಾದರೇನು ಎಂದು ಕೇಳಬಹುದು. ನನಗೆ ವ್ಯತ್ಯಾಸ ಗೊತ್ತಾದದ್ದು ಬೋಯಾಗಳ ಪಾಠದಲ್ಲಿ. ನೀರಿನ ಮೇಲೆ ತೇಲುತ್ತಾ ಆಳದ ದಾರಿ ತೋರಿಸುವ ಗುರುತುಗಳಿವು. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ ಇರಬೇಕು. ಉತ್ತರ ಬಾಯಿಪಾಠವಾದರೆ ಅಂಕ ಬರುತ್ತದೆ. ಆದರೆ ತಟಸ್ಥವಾಗಿ ನಿಂತಂತೆ ಕಾಣುವ ಸರೋವರದಲ್ಲಿ ಪ್ರವಾಹದ ಎದುರು ಎಂದರೆ ಯಾವ ಕಡೆ? ಮೊದಲು ನೋಡಿದ ಎರಡು ಮಾದರಿ ಪಾಠಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಮೂರನೆಯದು ನಕ್ಷೆಯನ್ನೇ ಎದುರಿಗೆ ಇಟ್ಟಿತು. ಕವಾರ್ಥಾದ ಸರೋವರಗಳು 386 ಕಿಲೋಮೀಟರ್ ಉದ್ದದ ಟ್ರೆಂಟ್-ಸೆವರ್ನ್ ಜಲಮಾರ್ಗದ ಭಾಗ. ಒಂಟಾರಿಯೊ ಸರೋವರದ ಕಡೆಯಿಂದ ಆ ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಬಾಲ್ಸಮ್ ಸರೋವರದಲ್ಲಿ ತುದಿ ಮುಟ್ಟುತ್ತದೆ. ಆದ್ದರಿಂದ ನಮ್ಮ ಕಾಟೇಜಿನಿಂದ ಬಾಲ್ಸಮ್ ಕಡೆಗೆ ಹೊರಟರೆ ಅದೇ ಪ್ರವಾಹದ ಎದುರು. ಅಷ್ಟು ಬಿಡಿಸಿ ಹೇಳಿದ ಕೋರ್ಸನ್ನೇ ಆರಿಸಿಕೊಂಡೆ. ತಪ್ಪು ಉತ್ತರ ಒತ್ತಿದರೆ ಏಕೆ ತಪ್ಪು ಎಂದೂ ಅದು ಹೇಳುತ್ತಿತ್ತು.

ಆನ್‌ಲೈನ್ ಪಾಠಕ್ಕೆ ಕನಿಷ್ಠ ಮೂರು ಗಂಟೆ ಕೂರಲೇಬೇಕು. ಪುಟದ ಸಮಯ ಮುಗಿಯದೆ ಮುಂದಿನದು ತೆರೆಯುವುದಿಲ್ಲ. ಪರದೆಯನ್ನು ಹಾಗೇ ಬಿಟ್ಟು ಅಡುಗೆಗೆ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಣ್ಣೀರಿನ ಪುಟಕ್ಕಾದರೂ ಪೂರ್ತಿ ಮನಸ್ಸು ಕೊಡಿ.

ಏಪ್ರಿಲ್‌ವರೆಗೆ ಹಿಮಗಡ್ಡೆ ಹೊತ್ತ ಸರೋವರಗಳಿವು. ಮೇ ತಿಂಗಳ ಬಿಸಿಲಿಗೆ ಮೈ ಕಾದರೂ ನೀರು ಕಾಯುವುದಿಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹ ಹೇಗೆ ಸೋಲುತ್ತದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರ ಲೆಕ್ಕ ಒಂದು, ಹತ್ತು, ಒಂದು. ಏದುಸಿರನ್ನು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಪ್ರಜ್ಞೆ ತಪ್ಪುವವರೆಗೆ ಸುಮಾರು ಒಂದು ಗಂಟೆ. ಹತ್ತು ನಿಮಿಷವಾದ ಮೇಲೆ ಎಂಥ ಈಜುಗಾರನಿಗೂ ತೋಳು ಎತ್ತಲಾಗುವುದಿಲ್ಲ. ಉಳಿದ ಹೊತ್ತು ತಲೆಯನ್ನು ನೀರಿನ ಮೇಲೆ ಹಿಡಿಯುವುದು ತೊಟ್ಟ ಲೈಫ್ ಜಾಕೆಟ್ ಒಂದೇ. ಎಂಟು ವರ್ಷಕ್ಕೇ ಅಳಿವೆಯ ಸೆಳೆತದಲ್ಲಿ ಈಜಿದವನು ನಾನು. ಆ ಪುಟ ಓದಿ ಸುಮ್ಮನೆ ಕುಳಿತುಬಿಟ್ಟೆ. ನಾವು ಹೋದಾಗ ಇಲ್ಲಿನ ಕಾನೂನು ಕೇಳುತ್ತಿದ್ದುದು ದೋಣಿಯಲ್ಲಿ ಪ್ರತಿಯೊಬ್ಬರ ಅಳತೆಗೂ ಜಾಕೆಟ್ ಇರಬೇಕು ಎಂದಷ್ಟೇ. ನಮ್ಮ ಮನೆಯ ನಿಯಮ ಬೇರೆ: ತೊಡದವರು ದೋಣಿ ಹತ್ತುವಂತಿಲ್ಲ.

ಫೋನಿನಲ್ಲಿ ಆಯಿಗೆ ಇದನ್ನೆಲ್ಲ ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಕೂರ್ಮಗಡದ ಜಾತ್ರೆ ನೆನಪಿದೆಯಲ್ಲ ತಮಾ?" ಎಂದಳು. ನಮ್ಮ ಜಿಲ್ಲೆಯವರು ಮರೆಯುವುದು ಹೇಗೆ? 2019ರ ಜನವರಿ 21ರಂದು ಕಾರವಾರದ ಆ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಹೋದರು. ದೋಣಿಯಲ್ಲಿ ಅದು ಹೊರುವುದಕ್ಕಿಂತ ಹೆಚ್ಚು ಜನರಿದ್ದರು. ಕಾಟೇಜಿಗೆ ಹೋದ ದಿನ ನಾನು ಮೊದಲು ಹುಡುಕಿದ್ದು ಎಷ್ಟು ಜನ, ಎಷ್ಟು ಭಾರ ಎಂದು ಬರೆದ ದೋಣಿಯ ಫಲಕವನ್ನು.

ಪರದೆ ಕಲಿಸಲಾಗದ್ದೂ ಇದೆ. ಬಿದ್ದವರಿಗೆ ಎಸೆಯುವ, ನೀರಿನಲ್ಲಿ ತೇಲುವ ಹಗ್ಗ ಹದಿನೈದು ಮೀಟರ್ ಇರಬೇಕು ಎಂದು ಪಾಠ ಹೇಳುತ್ತದೆ. ಎಸೆಯುವುದನ್ನು ತೋಳೇ ಕಲಿಯಬೇಕು. ಮೊದಲ ಸಂಜೆ ದೋಣಿ ಬಿಚ್ಚಲೇ ಇಲ್ಲ. ಹತ್ತು ವರ್ಷದ ಮಗಳಿಗೆ ಜಾಕೆಟ್ ತೊಡಿಸಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದೆ. ಜಾಕೆಟ್ ಕಿವಿಯವರೆಗೆ ಜಾರಿತು. ಪಕ್ಕದ ಪಟ್ಟಿಗಳನ್ನು ಬಿಗಿದ ಮೇಲೆ ಗದ್ದದ ಕೆಳಗೇ ನಿಂತಿತು. ಆಮೇಲೆ ಇಬ್ಬರೂ ಹಲಗೆಯ ಕಟ್ಟೆಯ ಮೇಲೆ ನಿಂತು, ನೀರಿನಲ್ಲಿ ತೇಲಿಬಿಟ್ಟ ಖಾಲಿ ಡಬ್ಬಿಗೆ ಗುರಿಯಿಟ್ಟು ಹಗ್ಗ ಎಸೆದೆವು. ನನ್ನದು ಎರಡು ಸಲ ಗಂಟು ಬಿದ್ದು ಕಾಲ ಬಳಿಯೇ ಬಿತ್ತು. ಅವಳು ಹಗ್ಗವನ್ನು ಬಿಡಿಸಿ, ಸುರುಳಿ ಸುತ್ತಿ, ತುದಿಯನ್ನು ಎಡಗೈಯಲ್ಲಿ ಹಿಡಿದು ಎಸೆದಳು. ಡಬ್ಬಿಯನ್ನು ದಾಟಿ ಬಿತ್ತು. "ದಾಟಿ ಬಿದ್ದರೆ ಒಳ್ಳೆಯದೇ ಅಪ್ಪಾ, ಎಳೆಯುವಾಗ ಕೈಗೆ ಸಿಗುತ್ತದೆ" ಎಂದಳು. ನಾನು ಪಾಠ ಓದುವಾಗ ಪಕ್ಕದಲ್ಲಿ ಕುಳಿತು ಅವಳೂ ಓದಿದ್ದಳು.